ಲೊಕೇಶನ್ ತಪ್ಪು, ದಂಡ ಹುಡುಗನಿಗೆ

ಏಪ್ರಿಲ್ ಬಂತೆಂದರೆ ರಾಯಚೂರಿನ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದ ಬಾಗಿಲು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆಗೂ ಬೇಸಿಗೆಯ ಎರಡು ತಿಂಗಳು ಸರ್ಕಾರ ಮಾಡುತ್ತ ಬಂದಿರುವ ಏರ್ಪಾಡು ಇದು. ಬಿಸಿಲು 42 ಡಿಗ್ರಿ ದಾಟುವ ಊರಲ್ಲಿ ಮಧ್ಯಾಹ್ನ ಕೆಲಸ ಆಗುವುದಿಲ್ಲ ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಿದೆ. ಆ ಮಧ್ಯಾಹ್ನದ ಹೊತ್ತಿಗೇ ರಾಯಚೂರಿನಿಂದ ಶಕ್ತಿನಗರದ ಕಡೆಗೆ, ಬೂದಿ ಟ್ಯಾಂಕರ್‌ಗಳ ಹಿಂದೆ ಧೂಳು ಕುಡಿಯುತ್ತ, ಬೆನ್ನಿಗೊಂದು ದೊಡ್ಡ ಚೀಲ, ಮುಂದೆ ಟ್ಯಾಂಕಿನ ಮೇಲೊಂದು ಮೂಟೆ ಇಟ್ಟುಕೊಂಡು ಪಾರ್ಸಲ್ ಹಂಚಲು ಬೈಕ್ ಓಡಿಸುವ ಹುಡುಗರಿಗೆ ಬೇಸಿಗೆಯ ವೇಳಾಪಟ್ಟಿ ಎಂಬುದಿಲ್ಲ. ಅವರ ಮೊಬೈಲಿನಲ್ಲಿರುವ ಆ್ಯಪ್‌ಗೆ ಫೆಬ್ರುವರಿಯೂ ಒಂದೇ, ಮೇ ತಿಂಗಳೂ ಒಂದೇ.

ಶಕ್ತಿನಗರ ಗುರುತು ಸಿಗದ ಊರೇನಲ್ಲ. 1985ರಲ್ಲಿ ಮೊದಲ ಘಟಕ ಶುರುವಾದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಚಿಮಣಿಗಳು ಬಹುದೂರದಿಂದಲೇ ಕಾಣುತ್ತವೆ. 210 ಮೆಗಾವಾಟಿನ ಏಳು ಘಟಕ, 250ರ ಒಂದು, ಒಟ್ಟು 1,720 ಮೆಗಾವಾಟ್. ಬೆಂಗಳೂರಿನ ಯಾವುದೋ ಕಟ್ಟಡದಲ್ಲಿ ದಾರಿ ಲೆಕ್ಕ ಹಾಕುವ ಕಂಪ್ಯೂಟರಿಗೆ ಬೇಕಾದ ಕರೆಂಟಿನಲ್ಲೂ ಇಲ್ಲಿಯ ಪಾಲಿದೆ. ಆದರೆ ಆ ಕಂಪ್ಯೂಟರಿಗೆ ಈ ಊರು ಒಂದು ಪಿನ್‌ಕೋಡ್ ಅಷ್ಟೇ: 584170.

ಈ ಹುಡುಗರ ತೊಂದರೆಯ ಬೇರು ಇರುವುದೇ ಈ ಪಿನ್‌ಕೋಡಿನಲ್ಲಿ. 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಈ ಆರಂಕಿಯ ಪದ್ಧತಿಯನ್ನು ಜಾರಿಗೆ ತಂದಾಗ ಅದರ ಉದ್ದೇಶ ಕಾಗದಗಳನ್ನು ವಿಂಗಡಿಸುವುದು. ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಬಟವಾಡೆಯ ಅಂಚೆ ಕಚೇರಿ. ಆ ಕಚೇರಿಗೆ ಕಾಗದ ತಲುಪಿದರೆ ಮುಂದಿನದು ಅಂಚೆಯಣ್ಣನ ಜವಾಬ್ದಾರಿ. ಅವನಿಗೆ ಊರು ಗೊತ್ತು, ಮನೆ ಗೊತ್ತು, ಯಾರ ಮಗ ಎಲ್ಲಿ ದುಡಿಯುತ್ತಾನೆ ಎಂಬುದೂ ಗೊತ್ತು. ಅಂದರೆ ಪಿನ್‌ಕೋಡ್ ಅರ್ಧ ದಾರಿಯ ಲೆಕ್ಕ. ಉಳಿದ ಅರ್ಧ ಮನುಷ್ಯನ ತಲೆಯಲ್ಲಿತ್ತು. ಪಾರ್ಸಲ್ ಕಂಪನಿಗಳು ಆ ಅಂಕಿಯನ್ನು ತೆಗೆದುಕೊಂಡವು, ಅಂಚೆಯಣ್ಣನಿಗೆ ಇಲಾಖೆ ಕೊಟ್ಟಿದ್ದ ನಂಬಿಕೆಯನ್ನು ತೆಗೆದುಕೊಳ್ಳಲಿಲ್ಲ. ಮನುಷ್ಯನ ತಲೆಯ ಜಾಗದಲ್ಲಿ ನಕ್ಷೆ ಬಂತು.

ಆ ನಕ್ಷೆಗೆ ಇದೇ ಜಿಲ್ಲೆಯ ದೇವದುರ್ಗ ತಾಲ್ಲೂಕು ತಿಳಿಯುವುದು ಕಷ್ಟ. ಇಲ್ಲಿ ಊರು ಒಂದೆಡೆ ಇರುವುದಿಲ್ಲ. ಊರಿನ ಹೆಸರಿನ ಕೆಳಗೆ ದೊಡ್ಡಿಗಳಿವೆ, ತಾಂಡಾಗಳಿವೆ. ಹೊಲದ ನಡುವೆ ನಾಲ್ಕೈದು ಮನೆ ಕಟ್ಟಿಕೊಂಡರೆ ಅದೊಂದು ದೊಡ್ಡಿ. ಮನೆತನದ ಹೆಸರೇ ಅದಕ್ಕೆ ಹೆಸರು. ಮಾನ್ವಿಯ ನೀರಾವರಿ ಭಾಗಕ್ಕೆ ಹೋದರೆ ದೊಡ್ಡಿಯ ಬದಲು ಕ್ಯಾಂಪ್: ತುಂಗಭದ್ರೆಯ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಊರುಗಳು, ಒಂದೇ ಹೆಸರಿನವು ಹಲವು. ಪಾರ್ಸಲ್ ಮೇಲೆ ಬರೆದಿರುವುದು ಮಾತ್ರ ಹನುಮಪ್ಪನ ಗುಡಿ ಹತ್ತಿರ, ದೇವದುರ್ಗ, 584111. ಹನುಮಪ್ಪನ ಗುಡಿ ಇಲ್ಲದ ಊರು ಈ ಜಿಲ್ಲೆಯಲ್ಲಿ ಯಾವುದಿದೆ? ಲೊಕೇಶನ್ ಹಚ್ಚಿದರೆ ಅದು ತಾಲ್ಲೂಕು ಕೇಂದ್ರದ ನಡುಮಧ್ಯೆ ಹೋಗಿ ನಿಲ್ಲುತ್ತದೆ, ಯಾಕೆಂದರೆ ತಂತ್ರಾಂಶಕ್ಕೆ ಸಿಕ್ಕಿದ್ದು ಪಿನ್‌ಕೋಡ್ ಒಂದೇ. ಶಕ್ತಿನಗರದ ಹೆಸರಿನದೂ ಇದೇ ಕಥೆ. ಮಂಗಳೂರಿನಲ್ಲೊಂದು ಶಕ್ತಿನಗರ ಇದೆ; ಉತ್ತರಪ್ರದೇಶದ ಸೋನಭದ್ರ ಜಿಲ್ಲೆಯಲ್ಲಿ ಇನ್ನೊಂದು, ಅಲ್ಲಿಯೂ ಶಾಖೋತ್ಪನ್ನ ಕೇಂದ್ರವೇ. ಅಂಕಿಯೊಂದು ತಪ್ಪಿದರೆ ಹೆಸರು ಆಸರೆಗೆ ಬರುವುದಿಲ್ಲ.

ದಾರಿಯ ಮಾತು ಇನ್ನೂ ಬೇರೆ. ರಾಯಚೂರಿನಿಂದ ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಹೋಗುವಾಗ ಮುಖ್ಯ ರಸ್ತೆ ಬಿಟ್ಟರೆ ಉಳಿದವು ಹೆಚ್ಚಾಗಿ ಎರೆ ಹೊಲದ ನಡುವಿನ ಬಂಡಿದಾರಿಗಳು. ಬೇಸಿಗೆಯಲ್ಲಿ ಅವು ಹೇಗೋ ನಡೆಯುತ್ತವೆ. ಒಂದು ಮಳೆ ಬಿದ್ದರೆ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡ್ ತುಂಬಿ ಬೈಕ್ ಅಲ್ಲೇ ನಿಲ್ಲುತ್ತದೆ. ಟ್ರ್ಯಾಕ್ಟರ್ ಬಿಟ್ಟು ಬೇರೇನೂ ಹೋಗದು. ಉಪಗ್ರಹದ ಚಿತ್ರದಲ್ಲಿ ಅದೂ ಒಂದು ಗೆರೆ, ಡಾಂಬರು ರಸ್ತೆಯೂ ಒಂದು ಗೆರೆ. ಗೆರೆ ಗಿಡ್ಡ ಇದ್ದರೆ ತಂತ್ರಾಂಶ ಅದನ್ನೇ ಆರಿಸುತ್ತದೆ. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ಹೆಚ್ಚು ನೀರು ಬಿಟ್ಟಾಗ ಏನಾಗುತ್ತದೆ ಎಂಬುದು ದೇವದುರ್ಗದ ಮಕ್ಕಳಿಗೂ ಗೊತ್ತು. ಹೂವಿನಹೆಡಗಿ ಸೇತುವೆ ಮುಳುಗುತ್ತದೆ, ಶಹಾಪುರದ ಕಡೆಗಿನ ಸಂಚಾರ ನಿಲ್ಲುತ್ತದೆ. 2019ರ ಆಗಸ್ಟ್‌ನಲ್ಲಿ ಹಾಗಾಯಿತು. ಶಕ್ತಿನಗರದಿಂದ ಹೈದರಾಬಾದ್ ರಸ್ತೆಯಲ್ಲಿ ಕೃಷ್ಣೆಯ ಮೇಲೆ ನಿಜಾಮರ ಕಾಲದ ಹಳೆಯ ಸೇತುವೆ ಇದೆ; ಆಚೆ ದಡ ತೆಲಂಗಾಣ. ನದಿಯ ನಡುಗಡ್ಡೆಗಳಾದ ಕುರ್ವಕುರ್ದಾ, ಕುರ್ವಕುಲದ ಜನ ತೆಪ್ಪದ ಮೇಲೆ ಓಡಾಡುತ್ತ ಬಂದವರು. ನೀರು ಯಾವಾಗ ಏರಿತು, ಯಾವ ದಾರಿ ಬಂದ್ ಆಯಿತು ಎಂಬ ಸುದ್ದಿ ಚಹಾದಂಗಡಿಗೆ ಮೊದಲು ಬರುತ್ತದೆ, ನಕ್ಷೆಗೆ ಕೊನೆಗೆ.

ಹಾಗೆಂದು ದಾರಿಯ ಲೆಕ್ಕ ಸುಲಭ ಎಂದು ನಾನು ಹೇಳುತ್ತಿಲ್ಲ. ಹತ್ತು ಮನೆಗೆ ಹೋಗಬೇಕಾದರೆ ಯಾವುದರ ನಂತರ ಯಾವುದು ಎಂಬುದಕ್ಕೆ 36 ಲಕ್ಷಕ್ಕೂ ಹೆಚ್ಚು ಕ್ರಮಗಳಿವೆ. ಹದಿನೈದು ಮನೆಯಾದರೆ 1 ಲಕ್ಷ 30 ಸಾವಿರ ಕೋಟಿ ದಾಟುತ್ತದೆ. ಪೆಟ್ರೋಲ್ ಬಂಕುಗಳಿಗೆ ಟ್ಯಾಂಕರ್‌ಗಳನ್ನು ಯಾವ ದಾರಿಯಲ್ಲಿ ಕಳಿಸಬೇಕೆಂಬ ಪ್ರಶ್ನೆಯನ್ನು ಹಿಡಿದು 1959ರಲ್ಲಿ ಡಾಂಟ್ಸಿಗ್ ಮತ್ತು ರಾಮ್ಸರ್ ಎಂಬ ಗಣಿತಜ್ಞರು ಬರೆದ ಪ್ರಬಂಧದಿಂದ ಈ ಶಾಸ್ತ್ರವೇ ಬೆಳೆದಿದೆ. ಗಣಿತ ಸಣ್ಣದಲ್ಲ. ಆದರೆ ಗಣಿತಕ್ಕೆ ಕೊಟ್ಟ ದೂರ ತಪ್ಪಾಗಿದ್ದರೆ ಉತ್ತರ ಎಷ್ಟು ಚೆಂದ ಇದ್ದರೇನು?

ಕಂಪನಿಗಳಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. 2021ರಲ್ಲಿ ಅಮೆಜಾನ್ ಕಂಪನಿ ಅಮೆರಿಕದ ಎಂಐಟಿ ಜೊತೆ ಸೇರಿ ಒಂದು ಸ್ಪರ್ಧೆ ನಡೆಸಿತು. ಬಾಸ್ಟನ್, ಷಿಕಾಗೊ, ಸಿಯಾಟಲ್, ಆಸ್ಟಿನ್, ಲಾಸ್ ಏಂಜಲೀಸ್ ನಗರಗಳಲ್ಲಿ ಚಾಲಕರು ನಿಜವಾಗಿ ಓಡಿಸಿದ 9 ಸಾವಿರಕ್ಕೂ ಹೆಚ್ಚು ದಾರಿಗಳ ವಿವರವನ್ನು ಸಂಶೋಧಕರ ಮುಂದಿಟ್ಟಿತು. ಅತಿ ಗಿಡ್ಡ ದಾರಿಯನ್ನು ಯಾರೂ ಹುಡುಕಬೇಕಿರಲಿಲ್ಲ. ನುರಿತ ಚಾಲಕ ಯಂತ್ರ ಹೇಳಿದ್ದನ್ನು ಬಿಟ್ಟು ತನ್ನದೇ ದಾರಿ ಹಿಡಿಯುವುದು ಹೇಗೆ ಎಂಬುದನ್ನು ಯಂತ್ರಕ್ಕೆ ಕಲಿಸಬೇಕಿತ್ತು. ಮೊದಲ ಬಹುಮಾನ ಒಂದು ಲಕ್ಷ ಡಾಲರ್. ಚಾಲಕನ ತಲೆಯಲ್ಲಿರುವ ತಿಳಿವಳಿಕೆಗೆ ಬೆಲೆ ಇದೆ ಎಂದು ಒಪ್ಪಿಕೊಂಡು, ಆ ಬೆಲೆಯನ್ನು ಸಂಶೋಧಕರಿಗೆ ಕೊಟ್ಟರು. ಗೆದ್ದವರ ಗಣಿತ ನಿಜಕ್ಕೂ ದೊಡ್ಡದು. ಆದರೆ ಆ ಪಾಠವನ್ನು ರಸ್ತೆಯ ಮೇಲೆ ಬರೆದವರು ಚಾಲಕರು.

ನಮ್ಮಲ್ಲಿ ಅದೇ ತಿಳಿವಳಿಕೆ ತಪ್ಪಾಗಿ ಕಾಣುತ್ತದೆ. ಆ್ಯಪ್ ಹೇಳಿದ ಕ್ರಮ ಬಿಟ್ಟು ಹುಡುಗ ಮೊದಲು ದೂರದ ದೊಡ್ಡಿ ಮುಗಿಸಿದರೆ ಯಾಕೆ ಎಂದು ಪಾರ್ಸಲ್ ಹಂಚಿಕೊಡುವ ಹಬ್‌ನಿಂದ ಫೋನು. ಬಿಸಿಲೇರುವ ಮೊದಲು ದೂರದ್ದು ಮುಗಿಸಿ, ಮಧ್ಯಾಹ್ನ ನೆರಳಿರುವ ಪೇಟೆಯೊಳಗೆ ಹಂಚುವುದು ರಾಯಚೂರಿನಲ್ಲಿ ಹುಟ್ಟಿದ ಯಾರಿಗಾದರೂ ಹೊಳೆಯುವ ಬುದ್ಧಿ. ಪಟೇಲ್ ಚೌಕ್, ತೀನ್ ಕಂದೀಲ್ ಸುತ್ತಲಿನ ಓಣಿಗಳಲ್ಲಿ ಸಂಜೆ ಗಾಡಿ ನುಗ್ಗುವುದಿಲ್ಲ, ಕಾಟಿ ದರ್ವಾಜದ ಕಡೆ ಬೈಕ್ ಬಿಟ್ಟು ನಡೆದೇ ಹೋಗಬೇಕು ಎಂಬುದೂ ಹಾಗೆಯೇ.

ನಿಯಮಗಳ ಭಾರ ಇದಕ್ಕಿಂತ ಹೆಚ್ಚು. ನಕ್ಷೆಯಲ್ಲಿ ಪಿನ್ ಹಾಕಿದ ಜಾಗದ ಹತ್ತಿರ ನಿಲ್ಲದಿದ್ದರೆ ‘ಡೆಲಿವರ್ಡ್’ ಒತ್ತಲು ಬರುವುದಿಲ್ಲ. ಪಿನ್ ಇರುವುದು ಪೇಟೆಯಲ್ಲಿ, ಗಿರಾಕಿ ಇರುವುದು ಆರು ಕಿಲೋಮೀಟರ್ ಆಚೆ. ಹುಡುಗ ಪಾರ್ಸಲ್ ಕೊಟ್ಟು ಬಂದು ಪಿನ್ ಇರುವಲ್ಲಿ ನಿಂತು ಗುಂಡಿ ಒತ್ತಬೇಕು, ಇಲ್ಲವೇ ಹಬ್‌ನವರ ಕಾಲು ಹಿಡಿಯಬೇಕು. ಒಟಿಪಿ ಎಂಬುದು ಇನ್ನೊಂದು ಗಂಟು. ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋದವರ ಸಂಖ್ಯೆ ದೊಡ್ಡದು. ಮಗ ಅಲ್ಲಿಂದ ಅವ್ವನಿಗೆ ಸೀರೆಯನ್ನೋ ಫ್ಯಾನನ್ನೋ ಬುಕ್ ಮಾಡುತ್ತಾನೆ. ಒಟಿಪಿ ಹೋಗುವುದು ಅವನ ಮೊಬೈಲಿಗೆ, ಅವನಿರುವುದು ಕಟ್ಟಡದ ಮೂರನೇ ಮಹಡಿಯಲ್ಲಿ, ಕೈಯಲ್ಲಿ ಸಿಮೆಂಟು. ದೊಡ್ಡಿಯಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಾಗಿಲಲ್ಲಿ ನಿಂತ ಆ ತಾಯಿಗೆ ‘ಯವ್ವಾ, ನಿಮ್ ಮಗನಿಗೆ ಫೋನ್ ಹಚ್ರಿ’ ಎನ್ನುವುದು ಬಿಟ್ಟು ಹುಡುಗನಿಗೆ ಬೇರೆ ದಾರಿ ಇಲ್ಲ. ಶಕ್ತಿನಗರದ ಕ್ವಾರ್ಟರ್ಸ್‌ಗಳಲ್ಲಿ ತೊಂದರೆ ಬೇರೆ ಬಗೆಯದು: ಹಗಲೂ ರಾತ್ರಿ ಪಾಳಿಯ ಮೇಲೆ ನಡೆಯುವ ಊರು. ರಾತ್ರಿ ಪಾಳಿ ಮುಗಿಸಿದವರು ಮಧ್ಯಾಹ್ನ ನಿದ್ದೆಯಲ್ಲಿರುತ್ತಾರೆ, ಹಗಲು ಪಾಳಿಯವರು ಕೇಂದ್ರದೊಳಗೆ. ಫೋನ್ ಎತ್ತುವವರಿಲ್ಲ.

ಕೊಡಲಾಗದ ಪಾರ್ಸಲ್ ವಾಪಸು ಹಬ್‌ಗೆ ಬಂದರೆ ಬಹುತೇಕ ಕಡೆ ಹುಡುಗನಿಗೆ ದುಡ್ಡಿಲ್ಲ. ಮುಟ್ಟಿಸಿದ ಪಾರ್ಸಲ್ಲಿಗೆ ಇಷ್ಟು ಎಂಬ ಲೆಕ್ಕ. ಓಡಿಸಿದ ಕಿಲೋಮೀಟರಿಗೆ, ಸುಟ್ಟ ಪೆಟ್ರೋಲಿಗೆ ಲೆಕ್ಕವಿಲ್ಲ. ಅದಕ್ಕಿಂತ ನೋಯಿಸುವುದು ಫೇಕ್ ರಿಮಾರ್ಕ್ ಎಂಬ ಆಪಾದನೆ. ಗಿರಾಕಿ ಸಿಗಲಿಲ್ಲ ಎಂದು ಅವನು ಬರೆದದ್ದು ಸುಳ್ಳು ಎಂದು ತಂತ್ರಾಂಶ ತೀರ್ಮಾನಿಸಿದರೆ ಪೆನಾಲ್ಟಿ, ಹೆಚ್ಚಾದರೆ ಐಡಿ ಬ್ಲಾಕ್. ಕೆಲಸ ಮಾಡದೆ ಸುಳ್ಳು ಬರೆಯುವವರು ಇಲ್ಲವೇ ಇಲ್ಲ ಎನ್ನಲಾಗದು, ಗಿರಾಕಿಗಳ ಸಿಟ್ಟಿಗೂ ಕಾರಣವಿದೆ. ಆದರೆ ತಪ್ಪಿದ್ದು ಪಿನ್ನೋ ಹುಡುಗನೋ ಎಂದು ವಿಚಾರಿಸದೆ ಶಿಕ್ಷೆ ಕೊಡುವುದು ಅನ್ಯಾಯ. ಎಲ್ಲ ದಂಡ ಸಾಲಿನ ಕೊನೆಯಲ್ಲಿ ನಿಂತವನ ಜೇಬಿನಿಂದಲೇ ಹೋಗುತ್ತದೆ.

ಸಾಗಿಸುವವನನ್ನು ಈ ಊರು ಹಿಂದೆ ಹೀಗೆ ಕಂಡಿರಲಿಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, 41 ಅಡಿಗೂ ಮಿಕ್ಕಿದ ಒಂದೇ ಕಲ್ಲು ಇದೆ. ಕಾಕತೀಯರ ಕಾಲದ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ ಕೋಟೆ. ಅದೇ ಗೋಡೆಯ ಮೇಲೆ ಆ ಕಲ್ಲನ್ನು ಬಂಡಿಯಲ್ಲಿ ಸಾಗಿಸಿದ ಬಗೆಯನ್ನೂ ಕೊರೆದಿದ್ದಾರೆ: ಬಂಡಿ, ಎಳೆಯುವ ಜಾನುವಾರುಗಳ ಸಾಲು, ಜೊತೆಗಿದ್ದ ಜನ. ಏಳುನೂರು ವರ್ಷಗಳ ಹಿಂದೆ ಈ ಊರಿನಲ್ಲಿ ಸಾಗಿಸಿದವರ ಶ್ರಮವೂ ದಾಖಲೆಗೆ ತಕ್ಕದ್ದಾಗಿತ್ತು. ಇವತ್ತಿನ ಆ್ಯಪ್ ಎಲ್ಲವನ್ನೂ ದಾಖಲಿಸುತ್ತದೆ, ಎರೆಮಣ್ಣಲ್ಲಿ ಬೈಕ್ ನೂಕಿದ್ದೊಂದನ್ನು ಬಿಟ್ಟು.

ಆ್ಯಪ್ ಮೂಲಕ ದುಡಿಯುವ ಇಂಥ ಗಿಗ್ ಕಾರ್ಮಿಕರಿಗೆ ಕರ್ನಾಟಕದಲ್ಲಿ ಈಗ ಒಂದು ಕಾನೂನಿದೆ. ಇಂಥ ಕಾನೂನನ್ನು 2023ರಲ್ಲಿ ರಾಜಸ್ಥಾನ ಮೊದಲು ಮಾಡಿತು. ಇಲ್ಲಿ ಗಿಗ್ ಕಾರ್ಮಿಕರಿಗೆ ಮೊದಲು 4 ಲಕ್ಷ ರೂಪಾಯಿಯ ವಿಮೆ ಬಂತು: ಜೀವವಿಮೆ 2 ಲಕ್ಷ, ಅಪಘಾತ ವಿಮೆ 2 ಲಕ್ಷ. ಆಮೇಲೆ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ. ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು, ಅದಕ್ಕೊಂದು ಮಂಡಳಿ. ನನ್ನ ದೃಷ್ಟಿಯಲ್ಲಿ ಹಣಕ್ಕಿಂತ ದೊಡ್ಡದು ಅದರ ಇನ್ನೆರಡು ಮಾತು: ಕೆಲಸ ಹಂಚುವ, ಗಳಿಕೆ ಮತ್ತು ರೇಟಿಂಗ್ ನಿರ್ಧರಿಸುವ ಯಂತ್ರವ್ಯವಸ್ಥೆ ಹೇಗೆ ನಡೆಯುತ್ತದೆಂದು ಕಾರ್ಮಿಕನಿಗೆ ತಿಳಿಸಬೇಕು, ಕೆಲಸದಿಂದ ತೆಗೆಯುವುದಾದರೆ ಲಿಖಿತ ಕಾರಣ ಕೊಟ್ಟು 14 ದಿನ ಮುಂಚೆ ಹೇಳಬೇಕು. ಐಡಿ ಬ್ಲಾಕ್ ಆಗಿ ಬೆಳಿಗ್ಗೆ ಎದ್ದಾಗ ಆ್ಯಪ್ ತೆರೆಯದ ಹುಡುಗನಿಗೆ ಈ 14 ದಿನ ಏನೆಂದು ಗೊತ್ತು.

ಆದರೆ ಈ ಕಾನೂನಿನ ಚರ್ಚೆ ಬಹುಮಟ್ಟಿಗೆ ನಡೆದದ್ದು ಬೆಂಗಳೂರಿನಲ್ಲಿ, ಊಟದ ಪೊಟ್ಟಣ ಮತ್ತು ಕ್ಯಾಬ್‌ಗಳ ಸುತ್ತ. ಮಾನ್ವಿ, ದೇವದುರ್ಗದ ಹುಡುಗರು ಹೆಚ್ಚಾಗಿ ಸ್ಥಳೀಯ ಏಜೆನ್ಸಿಯ ಕೆಳಗೆ ದುಡಿಯುತ್ತಾರೆ. ಕಂಪನಿಯ ಪಟ್ಟಿಯಲ್ಲಿ ಅವರ ಹೆಸರು ಎಲ್ಲಿದೆ ಎಂಬುದನ್ನು ಮಂಡಳಿ ಹುಡುಕಿ ನೋಂದಾಯಿಸಬೇಕು. ಹೊಲದ ದಾರಿಗೆ ಬೇರೆ ದರ, ವಾಪಸಾದ ಪಾರ್ಸಲ್ಲಿಗೂ ಓಡಾಟದ ಹಣ, ಪಿನ್ ತಪ್ಪಿದ್ದರೆ ಹುಡುಗನೇ ಸರಿಪಡಿಸುವ ಅಧಿಕಾರ ಮತ್ತು ಆ ತಿದ್ದುಪಡಿಗೆ ಕೂಲಿ: ಇವು ಇಲ್ಲಿಂದ ಏಳಬೇಕಾದ ಬೇಡಿಕೆಗಳು. 2025ರಲ್ಲಿ ಅಂಚೆ ಇಲಾಖೆ ತಂದ ಡಿಜಿಪಿನ್ ದೇಶವನ್ನೆಲ್ಲ ನಾಲ್ಕು ಮೀಟರಿನ ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೂ ಹತ್ತಕ್ಷರದ ಗುರುತು ಕೊಟ್ಟಿದೆ. ದೊಡ್ಡಿಯ ಮನೆಗೂ ಅದರಿಂದ ವಿಳಾಸ ಸಿಗುತ್ತದೆ, ಒಳ್ಳೆಯದೇ. ಮಳೆಗಾಲದಲ್ಲಿ ಆ ಚೌಕಕ್ಕೆ ಯಾವ ಕಡೆಯಿಂದ ಹೋಗಬೇಕೆಂದು ಮಾತ್ರ ಅದು ಹೇಳುವುದಿಲ್ಲ. ಅದನ್ನು ಹೇಳುವವನಿಗೆ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ 1.30ರಿಂದ 4ರವರೆಗೆ ಪೆನಾಲ್ಟಿ ಇಲ್ಲದೆ ನೆರಳಲ್ಲಿ ನಿಲ್ಲುವ ಹಕ್ಕನ್ನು ರಾಯಚೂರು ಜಿಲ್ಲಾಡಳಿತ ಮತ್ತು ಕಾರ್ಮಿಕ ಇಲಾಖೆ ಬರುವ ಬೇಸಿಗೆಗೆ ಮೊದಲೇ ಕೊಡಿಸಬೇಕು.