ಒಂದು ಅಕ್ಷರಕ್ಕಾಗಿ 20,000 ಜಿಗಿತ

"ಸರ್, ಬೆಳಕಿಗೆ ಹಿಡೀಬೇಡಿ, ಹಾಳಾಗೋಗುತ್ತೆ!"

ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ. ಪಹಣಿಯ ನಾಲ್ಕು ಕಾಪಿ ತೆಗೆಸಲು ಹೋಗಿದ್ದೆ. ಹುಡುಗ ಯಂತ್ರದ ಹೊಟ್ಟೆ ಬಿಚ್ಚಿ ಹೊಸ ಡ್ರಮ್ ಕೂರಿಸುತ್ತಿದ್ದ. ಕಪ್ಪು ಹೊದಿಕೆಯಿಂದ ಇಣುಕಿದ ಆ ಉರುಳೆಗೆ ನವಿಲಿನ ಕತ್ತಿನ ಬಣ್ಣ. ನೀಲಿ ಅನ್ನುವಷ್ಟರಲ್ಲಿ ಹಸಿರು, ಹಸಿರು ಅನ್ನುವಷ್ಟರಲ್ಲಿ ನೀಲಿ. ಆಸೆ ತಡೆಯಲಾರದೆ ಎತ್ತಿ ಬಾಗಿಲ ಕಡೆ ತಿರುಗಿಸಿದೆ. ಬೈಸಿಕೊಂಡೆ.

"ಬೆಳಕು ಬಿದ್ರೆ ಏನಾಗುತ್ತಪ್ಪಾ?"

"ಅದೆಲ್ಲ ಗೊತ್ತಿಲ್ಲ ಸರ್. ಕಾಪಿ ಕರ್ರಗೆ ಬರುತ್ತೆ."

ಕರ್ರಗೆ! ಬೆಳಕು ಬಿದ್ದರೆ ಕಪ್ಪು ಬರುವುದೇ? ಈ ತಿರುಗುಮುರುಗಿನ ಬೆನ್ನು ಹತ್ತಿದವನಿಗೆ ಆಮೇಲೆ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ.

ಡ್ರಮ್ಮಿನ ಒಳಗೆ ಇರುವುದು ಬರೀ ಅಲ್ಯೂಮಿನಿಯಂ ಕೊಳವೆ. ಅದರ ಮೇಲೆ ಒಂದು ಮೈಕ್ರಾನಿಗಿಂತ ತೆಳ್ಳಗಿನ ನವಿಲುಬಣ್ಣದ ಲೇಪ. ಥಾಲೋಸಯನೈನ್ ಅಂತ ಹೆಸರು, ಪೇಂಟಿನ ಡಬ್ಬಿಯ ನೀಲಿಗೆ ಹತ್ತಿರದ ದಾಯಾದಿ. ಅದರ ಮೇಲೆ ಸುಮಾರು 20 ಮೈಕ್ರಾನ್ ದಪ್ಪದ ಪಾರದರ್ಶಕ ಪ್ಲಾಸ್ಟಿಕ್. ಸಿಲಿಕಾನ್ ಚೂರೂ ಇಲ್ಲ. ಇಂಗಾಲದ ಅಣುಗಳನ್ನು ಅಡ್ಡಾದಿಡ್ಡಿ ಸುರಿದು ಮಾಡಿದ ಅರೆವಾಹಕ ಇದು.

ಕತ್ತಲಲ್ಲಿ ಯಂತ್ರ ಡ್ರಮ್ಮಿನ ಮೈಗೆ ನೂರಾರು ವೋಲ್ಟಿನ ಋಣ ವಿದ್ಯುತ್ತು ಬಳಿಯುತ್ತದೆ. ಬಳಿಕ ಲೇಸರ್ ನಿಮ್ಮ ಪಹಣಿಯನ್ನು ಬೆಳಕಿನಲ್ಲಿ ಬರೆಯುತ್ತದೆ. ಆ ಬೆಳಕಿನ ಒಂದು ಕಣವನ್ನು ನೀಲಿ ಅಣುವೊಂದು ನುಂಗಿತು ಅನ್ನಿ. ಒಳಗಿನ ಎಲೆಕ್ಟ್ರಾನ್ ಮೇಲಕ್ಕೆ ಚಿಮ್ಮುತ್ತದೆ, ಅದು ಬಿಟ್ಟುಹೋದ ಜಾಗ ಖಾಲಿ. ಆ ಖಾಲಿ ಜಾಗಕ್ಕೇ ಧನ ವಿದ್ಯುತ್ತಿನ ವರ್ತನೆ, ಭೌತಶಾಸ್ತ್ರದವರು ಅದನ್ನು ರಂಧ್ರ ಎನ್ನುತ್ತಾರೆ. ಸಿಲಿಕಾನಿನಲ್ಲಾದರೆ ಇವೆರಡೂ ಕೋಣೆಯ ಕಾವಿಗೇ ಬೇರೆಯಾಗಿ ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದವು. ಇಲ್ಲಿ ಬಿಡುವುದಿಲ್ಲ! ಶಾಲೆಯ ಮೂರು ಕಾಲಿನ ಓಟದ ಜೋಡಿಯ ಹಾಗೆ ಒಂದಕ್ಕೊಂದು ಕಟ್ಟಿಕೊಂಡೇ ಓಡುತ್ತವೆ. ಈ ಜೋಡಿಯೇ ಎಕ್ಸೈಟಾನ್. ಕಟ್ಟಿದ ಹಗ್ಗ ಎಷ್ಟು ಬಿಗಿ? ಸಾವಯವ ವಸ್ತುಗಳಲ್ಲಿ ಸಾಮಾನ್ಯವಾಗಿ 0.3ರಿಂದ 0.5 ಎಲೆಕ್ಟ್ರಾನ್ ವೋಲ್ಟ್. ಕೋಣೆಯ ಕಾವಿಗಿರುವ ಕಸುವು ಬರೀ 0.025. ಹತ್ತಾರು ಪಟ್ಟು ಸಾಲದು.

ಜೋಡಿಗೆ ಒಟ್ಟಾರೆ ಧನವೂ ಇಲ್ಲ, ಋಣವೂ ಇಲ್ಲ. ಹಾಗಾಗಿ ಇಡಿಯಾಗಿ ಅದನ್ನು ವಿದ್ಯುತ್ ಕ್ಷೇತ್ರ ಯಾವ ಕಡೆಗೂ ಎಳೆದೊಯ್ಯಲಾರದು. ದಿಕ್ಕುದೆಸೆಯಿಲ್ಲದೆ ಅಲೆಯುತ್ತದೆ, ಬಹುತೇಕ ಇಂಥ ವಸ್ತುಗಳಲ್ಲಿ ಹತ್ತು ನ್ಯಾನೊಮೀಟರಿನ ಆಸುಪಾಸು. ಅಷ್ಟರೊಳಗೆ ಬೇರೆ ಜಾತಿಯ ಅಣುವಿನ ಗಡಿ ಸಿಕ್ಕಿತೋ, ಹಗ್ಗ ತುಂಡು. ಸಿಗಲಿಲ್ಲವೋ, ಅಲ್ಲೇ ಸಾವು. ಬದುಕಿ ಉಳಿದರೆ ಎಲೆಕ್ಟ್ರಾನ್ ಕೆಳಗಿನ ಅಲ್ಯೂಮಿನಿಯಂ ಸೇರುತ್ತದೆ. ರಂಧ್ರ ಮಾತ್ರ ಒಂಟಿಯಾಗಿ ಮೇಲಕ್ಕೆ ಹೊರಡುತ್ತದೆ.

ಎದುರಿಗೆ ಆ 20 ಮೈಕ್ರಾನ್ ಪ್ಲಾಸ್ಟಿಕ್. ಪಾಲಿಕಾರ್ಬೊನೇಟ್, ಅಪ್ಪಟ ಅವಾಹಕ! ಮಲೆನಾಡಿನ ಹೊಳೆಯನ್ನು ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದವರಿಗೆ ಮುಂದಿನದ್ದು ಥಟ್ಟನೆ ಹೊಳೆಯುತ್ತದೆ. ಪ್ಲಾಸ್ಟಿಕ್ಕೇ ನೀರು. ಅದರಲ್ಲಿ ಕರಗಿಸಿಟ್ಟ ಬೇರೆ ಅಣುಗಳು ಕಲ್ಲು. ಒಂದರಿಂದ ಇನ್ನೊಂದಕ್ಕೆ ಸುಮಾರು ಒಂದು ನ್ಯಾನೊಮೀಟರ್. ಲೆಕ್ಕ ಹಾಕಿ: ನೆಟ್ಟಗೆ ಹೋದರೂ 20,000 ಜಿಗಿತ. ಆದರೆ ನೆಟ್ಟಗೆ ಹೋಗುವವರು ಯಾರು? ಕಲ್ಲುಗಳೇ ಒಂದರಂತೆ ಒಂದಿಲ್ಲ. ಒಂದರ ಶಕ್ತಿಮಟ್ಟ ಮೇಲೆ, ಇನ್ನೊಂದರದ್ದು ಕೆಳಗೆ, ಏರುಪೇರು ಸುಮಾರು 0.1 ಎಲೆಕ್ಟ್ರಾನ್ ವೋಲ್ಟ್. ತಗ್ಗಿನ ಕಲ್ಲಿಗೆ ಬಿದ್ದ ರಂಧ್ರ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಕಾವು ತನ್ನನ್ನು ಎತ್ತಿ ಮೇಲಕ್ಕೆ ಹಾಕುವವರೆಗೆ ಕಾಯಬೇಕು. ತಾಮ್ರದ ತಂತಿ ಬಿಸಿಯಾದರೆ ವಿದ್ಯುತ್ತಿಗೆ ತೊಡಕು ಹೆಚ್ಚು. ಇಲ್ಲಿ ಬಿಸಿಯೇ ಏಣಿ. ಜರ್ಮನಿಯ ಹೈನ್ಸ್ ಬೆಸ್ಲರ್ ಈ ಏರುಪೇರಿನ ಹೊಳೆಯನ್ನು ಕಂಪ್ಯೂಟರಿನಲ್ಲೇ ಹರಿಸಿ, ಸಾವಿರಾರು ಸಲ ಹಾರಿಸಿ ನೋಡಿ, 1993ರಲ್ಲಿ ಬರೆದ ಲೇಖನವನ್ನು ಈ ಕ್ಷೇತ್ರದವರು ಇಂದಿಗೂ ತೆರೆದಿಟ್ಟುಕೊಂಡೇ ಕೂರುತ್ತಾರೆ.

ಅದಕ್ಕೂ ಮೊದಲಿನ ಬೆರಗು 1975ರದ್ದು. ಹಾರ್ವೆ ಶೆರ್ ಮತ್ತು ಎಲಿಯಟ್ ಮಾಂಟ್ರೋಲ್ ಅಳತೆಗಳಲ್ಲಿನ ವಿಚಿತ್ರವೊಂದಕ್ಕೆ ಉತ್ತರ ಕೊಟ್ಟರು. ಒಟ್ಟಿಗೆ ಹೊರಟ ವಿದ್ಯುತ್ ಕಣಗಳು ಒಟ್ಟಿಗೆ ತಲುಪುವುದೇ ಇಲ್ಲ. ನಾಲ್ಕು ಓಡಿ ದಾಟಿರುತ್ತವೆ, ಬಹಳಷ್ಟು ಇನ್ನೂ ಹೊರಟ ದಡದ ಹತ್ತಿರವೇ. ಕೆಲವು ವಸ್ತುಗಳಲ್ಲಂತೂ ಕಾಯುವ ಹೊತ್ತಿಗೆ ಸರಾಸರಿ ಅನ್ನುವುದೇ ಇಲ್ಲ! ಪದರದ ದಪ್ಪ ಎರಡು ಪಟ್ಟು ಮಾಡಿದರೆ ದಾಟುವ ಸಮಯ ಎರಡು ಪಟ್ಟಿಗಿಂತ ಹೆಚ್ಚು. ತಾಲ್ಲೂಕು ಕಚೇರಿಯ ಫೈಲುಗಳಿಗೂ ಇದೇ ಗಣಿತ ಒಗ್ಗುತ್ತದೆಂದು ನನ್ನ ಗುಮಾನಿ.

ಇಷ್ಟು ಗೊಂದಲ ಏಕೆ, ಅಣುಗಳನ್ನು ಸಾಲಾಗಿ ಜೋಡಿಸಬಾರದೇ? ಹಳೆಯ ಡ್ರಮ್ಮುಗಳಲ್ಲಿ ಸೆಲೆನಿಯಂ ಇರುತ್ತಿತ್ತು, ಗಾಜಿನ ಹಾಗೆ ಕ್ರಮವಿಲ್ಲದ್ದು. ಅದು ಶಿಸ್ತಾಗಿ ಸ್ಫಟಿಕವಾಗತೊಡಗಿದರೆ ಕತ್ತಲಲ್ಲೂ ವಿದ್ಯುತ್ತು ಸೋರಿ ಡ್ರಮ್ ಕೆಡುತ್ತಿತ್ತು. ಶಿಸ್ತೇ ರೋಗ! ಕ್ರಮವಿಲ್ಲದ ಪ್ಲಾಸ್ಟಿಕ್ಕನ್ನಾದರೋ ದ್ರಾವಣ ಮಾಡಿ, ಕೊಳವೆಯನ್ನು ಅದ್ದಿ ತೆಗೆದರೆ ಮುಗಿಯಿತು. ಬಿರುಕಿಲ್ಲ, ಗಂಟಿಲ್ಲ, ಉದ್ದಕ್ಕೂ ಒಂದೇ ಸಮ.

ಕೊನೆಗೂ ದಡ ಸೇರಿದ ರಂಧ್ರ ಮೇಲ್ಮೈಯ ಋಣ ವಿದ್ಯುತ್ತನ್ನು ಅಳಿಸುತ್ತದೆ. ಇಷ್ಟೆಲ್ಲಕ್ಕೂ ಹಿಡಿದದ್ದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಕೆಲವೇ ಭಾಗ. ಇಂದಿನ ಯಂತ್ರಗಳಲ್ಲಿ ಹಾಗೆ ಅಳಿದ ಜಾಗಕ್ಕೇ ಟೋನರ್ ಪುಡಿ ಅಂಟುತ್ತದೆ. ಬೆಳಕು ಬಿದ್ದಲ್ಲಿ ಕಪ್ಪು! ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ.

ಇದೇ ಆಟವನ್ನು ಹಿಂದುಮುಂದಾಗಿ ಆಡಿಸಿದರೆ? ಎರಡು ಕಡೆಯಿಂದ ಎಲೆಕ್ಟ್ರಾನ್, ರಂಧ್ರಗಳನ್ನು ಒಳನುಗ್ಗಿಸಿ, ಕಲ್ಲು ಹಾರಿಸಿ, ನಡುವೆ ಜೋಡಿಯಾಗಿಸಿ, ಜೋಡಿ ಸಾಯುವಾಗ ಬೆಳಕು ಹಿಡಿಯುವುದು. 1987ರಲ್ಲಿ ಕೊಡಾಕ್‌ನ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ 10 ವೋಲ್ಟಿಗೂ ಕಡಿಮೆಯಲ್ಲಿ ಅದನ್ನು ಮಾಡಿ ತೋರಿಸಿದರು. ಕೊಡಾಕ್ ಇದ್ದದ್ದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ, ಜೆರಾಕ್ಸ್ ಕಂಪನಿ ಹುಟ್ಟಿದ್ದೂ ಅಲ್ಲೇ. ಒಂದೇ ಊರು! ಆದರೆ ಹೀಗೆ ಹುಟ್ಟುವ ನಾಲ್ಕು ಎಕ್ಸೈಟಾನ್‌ಗಳಲ್ಲಿ ಮೂರು ಬೆಳಕು ಕೊಡದೆ ಕಾವಾಗಿ ಹೋಗುತ್ತಿದ್ದವು. 1998ರಲ್ಲಿ ಸ್ಟೀಫನ್ ಫಾರೆಸ್ಟ್, ಮಾರ್ಕ್ ಥಾಂಪ್ಸನ್ ಬಳಗ ಅಣುವಿನ ನಡುವೆ ಪ್ಲಾಟಿನಂ ಇಟ್ಟು ಆ ಮೂರರಿಂದಲೂ ಬೆಳಕು ಹಿಂಡಿತು. ಆಮೇಲೆ ಆ ಜಾಗಕ್ಕೆ ಇರಿಡಿಯಂ ಬಂತು.

"ಎಂಟು ರೂಪಾಯಿ ಸರ್." ಬೆಚ್ಚಗಿನ ನಾಲ್ಕು ಹಾಳೆ ಕೈಗೆ ಬಂದವು. ಸರ್ವೆ ನಂಬರಿನ ಒಂದೊಂದು ಸೊನ್ನೆಯನ್ನೂ ಬೆರಳಿಂದ ಸವರಿದೆ. ಜೇಬಿಂದ, ಅದೇ ಹಿಂದುಮುಂದಿನ ಆಟದಿಂದ ಬೆಳಗುವ ಅಮೋಲೆಡ್ ಪರದೆಯ ಫೋನು ತೆಗೆದು ಹಣ ಕಟ್ಟುವ ಕ್ಯೂಆರ್ ಕೋಡ್‌ಗೆ ಹಿಡಿದೆ. ಟಿಂಗ್! ಹಸಿರು ಟಿಕ್ ಬೆಳಗಿತು, ಇರಿಡಿಯಂ ಹಸಿರು.

"ಬಂತು ಸರ್," ಅಂದ ಹುಡುಗ, ಫೋನಿನ ಕಡೆ ನೋಡದೆಯೇ.