ಹೊಸ ಸೂಜಿ ಕೊಟ್ಟರೆ ಚಟ ಹೆಚ್ಚುತ್ತದೆಯೇ?

ಮಾದಕವಸ್ತು ಚುಚ್ಚಿಕೊಳ್ಳುವವರಿಗೆ ಸರ್ಕಾರದ ಖರ್ಚಿನಲ್ಲೇ ಹೊಸ ಸಿರಿಂಜ್ ಹಂಚಲಾಗುತ್ತದೆ ಎಂದರೆ ಹುಬ್ಬೇರಿಸುವವರೇ ಹೆಚ್ಚು. ಕುಡುಕನ ಕೈಗೆ ಹೆಂಡದ ಗಡಿಗೆ ಕೊಟ್ಟಂತಾಗಲಿಲ್ಲವೇ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಆದರೆ ಇಲ್ಲಿ ಸೂಜಿ ಹೆಂಡವಲ್ಲ, ಲೋಟ. ಲೋಟ ಸಿಗಲಿಲ್ಲವೆಂದು ಕುಡಿತ ಬಿಟ್ಟವರುಂಟೇ? ಪಕ್ಕದವನ ಎಂಜಲು ಲೋಟವಾದರೂ ಆದೀತು ಎನ್ನುತ್ತಾರೆ.

ಅಮೆರಿಕದ ಇಂಡಿಯಾನಾ ರಾಜ್ಯದ ಆಸ್ಟಿನ್ ಪಟ್ಟಣದಲ್ಲಿ ಆದದ್ದು ಅದೇ. ಅಲ್ಲಿರುವುದು ನಾಲ್ಕು ಸಾವಿರ ಚಿಲ್ಲರೆ ಜನ. ಒಪಾನಾ ಎಂಬ ನೋವಿನ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುವ ಚಟ ಹಬ್ಬಿತ್ತು. ಹಳೆಯ ಸೂಜಿ ಪಡೆದು ಹೊಸದು ಕೊಡುವ ಕೇಂದ್ರಗಳಿಗೆ ಆ ರಾಜ್ಯದಲ್ಲಿ ಅವಕಾಶವೇ ಇರಲಿಲ್ಲ. ಒಂದೇ ಸೂಜಿ ಹಲವರ ಕೈ ದಾಟುತ್ತಿತ್ತು. ಅಲ್ಲಿಯವರೆಗೆ ವರ್ಷಕ್ಕೆ ಬೆರಳೆಣಿಕೆಯಷ್ಟು ಎಚ್‌ಐವಿ ಪ್ರಕರಣ ಕಂಡಿದ್ದ, ಆಸ್ಟಿನ್ ಸೇರಿರುವ ಸ್ಕಾಟ್ ಕೌಂಟಿಯಲ್ಲಿ 2015ರಲ್ಲಿ ಸೋಂಕು ಸ್ಫೋಟಿಸಿತು. ಕೊನೆಗೆ ಲೆಕ್ಕ 200 ದಾಟಿತು. ಸೂಜಿ ವಿತರಣೆಯನ್ನು ವಿರೋಧಿಸುತ್ತಿದ್ದ ಗವರ್ನರ್ ಮೈಕ್ ಪೆನ್ಸ್ ಅವರೇ ಆ ಮಾರ್ಚ್‌ನಲ್ಲಿ ತುರ್ತುಸ್ಥಿತಿ ಘೋಷಿಸಿ ಅದಕ್ಕೆ ಅನುಮತಿ ಕೊಡಬೇಕಾಯಿತು. ಪರೀಕ್ಷೆ, ಚಿಕಿತ್ಸೆ, ಹೊಸ ಸೂಜಿ ಮೂರೂ ಸೇರಿದ ಮೇಲೆ ಹೊಸ ಪ್ರಕರಣಗಳು ಇಳಿದವು. ವಿಚಿತ್ರವೆಂದರೆ, 2021ರಲ್ಲಿ ಕೌಂಟಿಯ ಆಡಳಿತ ಆ ಯೋಜನೆಯನ್ನೇ ನಿಲ್ಲಿಸಲು ಮತ ಹಾಕಿತು. ತಪ್ಪು ನಂಬಿಕೆಗೆ ಸೋಂಕಿಗಿಂತ ಗಟ್ಟಿ ಆಯುಷ್ಯ!

ಅಷ್ಟು ದೂರ ಹೋಗುವುದೂ ಬೇಡ. ಮ್ಯಾನ್ಮಾರ್ ಗಡಿಯಿಂದ ಹೆರಾಯಿನ್ ಹರಿದುಬರುವ ಮಣಿಪುರದಲ್ಲಿ 1989-90ರ ಸುಮಾರಿಗೆ ಒಂದೇ ವರ್ಷದೊಳಗೆ, ಪರೀಕ್ಷಿಸಲಾದ ಚುಚ್ಚುವ ವ್ಯಸನಿಗಳಲ್ಲಿ ಅರ್ಧದಷ್ಟು ಮಂದಿಗೆ ಎಚ್‌ಐವಿ ಅಂಟಿತ್ತು. ಪಾಠ ಕಲಿತ ರಾಜ್ಯ 1996ರಲ್ಲೇ ತನ್ನದೇ ಏಡ್ಸ್ ನೀತಿ ರೂಪಿಸಿತು. ಈಗ ಹಿಂದೆ ವ್ಯಸನಿಗಳಾಗಿದ್ದವರೂ ಕಾರ್ಯಕರ್ತರಾಗಿ ಓಣಿಗಳಿಗೆ ಹೋಗಿ ಹೊಸ ಸಿರಿಂಜ್ ಕೊಡುತ್ತಾರೆ, ಹಳೆಯದನ್ನು ಸಂಗ್ರಹಿಸುತ್ತಾರೆ, ಕೀವಾದ ಗಾಯ ನೋಡುತ್ತಾರೆ, ಹೆರಾಯಿನ್‌ಗೆ ಬದಲಾಗಿ ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಔಷಧದ ಚಿಕಿತ್ಸೆಯ ದಾರಿ ತೋರಿಸುತ್ತಾರೆ. ಚಟ ಬಿಡುವ ಮಾತು ಶುರುವಾಗುವುದೂ ಈ ಭೇಟಿಗಳಲ್ಲೇ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪ್ರಕಾರ, ಇಂಥ ಕೇಂದ್ರಗಳಿಗೆ ಹೊಸದಾಗಿ ಬರುವವರು ವ್ಯಸನ ಚಿಕಿತ್ಸೆಗೆ ಸೇರುವ ಸಾಧ್ಯತೆ ಉಳಿದವರಿಗಿಂತ ಐದು ಪಟ್ಟು ಹೆಚ್ಚು.

ಬೀದಿ ತುಂಬ ಸೂಜಿ ಬೀಳುತ್ತವೆ ಎಂಬ ಭಯವೂ ಇದೆ. ಸಂಶೋಧಕರು ಎರಡು ನಗರಗಳ ಬೀದಿ ಸುತ್ತಿ ಎಣಿಸಿಯೇ ನೋಡಿದರು. ಸೂಜಿ ವಿನಿಮಯ ಕೇಂದ್ರಗಳಿದ್ದ ಸ್ಯಾನ್ ಫ್ರಾನ್ಸಿಸ್ಕೊಗಿಂತ, ಆಗ ಅವಿಲ್ಲದಿದ್ದ ಮಯಾಮಿಯಲ್ಲಿ ಬಿಸಾಡಿದ ಸಿರಿಂಜ್‌ಗಳು ಎಂಟು ಪಟ್ಟು ಹೆಚ್ಚು ಕಂಡವು ಎಂದು 2012ರ ವರದಿ ಹೇಳಿತು.

ವ್ಯಸನಿಗಳ ನಡುವೆಯೇ ಓಡಾಡುವ ಇನ್ನೊಂದು ನಂಬಿಕೆ ಹೆಚ್ಚು ಅಪಾಯದ್ದು: ನೀರಲ್ಲಿ ತೊಳೆದರೆ ಸಾಕು. ಸಾಲದು. ಹೆಪಟೈಟಿಸ್ ಸಿ ವೈರಾಣು ಸಿರಿಂಜಿನೊಳಗೆ 63 ದಿನಗಳವರೆಗೆ ಬದುಕಿದ್ದು ಪ್ರಯೋಗಾಲಯದಲ್ಲಿ ಕಂಡಿದೆ. ಮಾದಕವಸ್ತು ಕರಗಿಸಲು ಹಂಚಿಕೊಂಡ ಹತ್ತಿ, ನೀರು, ಚಮಚದಿಂದಲೂ ಅದು ಹರಡಬಲ್ಲದು. ಅದಕ್ಕೆ ಲಸಿಕೆ ಇಲ್ಲ, ಗುಣಪಡಿಸುವ ಮಾತ್ರೆಗಳಿವೆ.

ಇನ್ನು ಕಾನೂನು. ಸೂಜಿ ಕೊಡುವುದು ಅಪರಾಧಕ್ಕೆ ಕುಮ್ಮಕ್ಕು ಎಂದು ವಾದಿಸುವವರು ಭಾರತದ 2017ರ ಎಚ್‌ಐವಿ ಕಾಯ್ದೆಯ 22ನೇ ಕಲಂ ಓದಬೇಕು. ಸೋಂಕು ತಡೆಯಲೆಂದು ಶುದ್ಧ ಸೂಜಿ ಕೊಡುವುದು ಅಪರಾಧವಲ್ಲ ಎಂದು ಅದು ಉದಾಹರಣೆ ಸಹಿತ ಹೇಳುತ್ತದೆ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಈ ಕಾಯ್ದೆ ಕರ್ನಾಟಕಕ್ಕೂ ಅನ್ವಯ. ಎಚ್‌ಐವಿ ಪರೀಕ್ಷೆ ಮತ್ತು ಸೇವೆಗಳ ಬಗ್ಗೆ ತಿಳಿಯಬೇಕಾದವರು ರಾಷ್ಟ್ರೀಯ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.