ಜೋಡಿಗೂಡುವ ಸಂಯುಕ್ತ ಕಣಗಳು

ಖಾನಾಪುರದ ಬಳಿ ಮಲಪ್ರಭೆಯಲ್ಲಿ ತೇಲುವ ಎಲೆಗಳ ಮೇಲೆ ಅಡ್ಡಗಾಳಿ ಬೀಸಿದರೆ ಅವು ಒಂದು ದಡದತ್ತ ಸರಿಯುತ್ತವೆ. ತಗಡಿನಲ್ಲಿ ಹರಿಯುವ ಎಲೆಕ್ಟ್ರಾನುಗಳಿಗೆ ಕಾಂತಕ್ಷೇತ್ರವೇ ಅಡ್ಡಗಾಳಿ. ಅವು ಒಂದು ಅಂಚಿನಲ್ಲಿ ನೆರೆಯುವುದರಿಂದ ತಗಡಿನ ಅಡ್ಡಲಾಗಿ ವಿದ್ಯುದ್ವಿಭವವು ತಲೆದೋರುವುದು. 1879ರಲ್ಲಿ ಎಡ್ವಿನ್ ಹಾಲ್ ಕಂಡ ಈ ಪರಿಣಾಮವನ್ನು ಬೆಳಗಾವಿಯ ಕಾಲೇಜು ವಿದ್ಯಾರ್ಥಿಗಳೂ ಪ್ರಯೋಗಶಾಲೆಯಲ್ಲಿ ಅಳೆಯಬಲ್ಲರು.

ಆದರೆ ಎಲೆಕ್ಟ್ರಾನುಗಳನ್ನು ಅತಿ ತೆಳುವಾದ ಪದರದಲ್ಲಿ ಕೂಡಿಹಾಕಿ, ಪರಮಶೂನ್ಯದ ಸಮೀಪಕ್ಕೆ ತಂಪುಗೊಳಿಸಿ, ಪ್ರಬಲ ಕಾಂತಕ್ಷೇತ್ರದಲ್ಲಿರಿಸಿದರೆ ಹಾಲ್ ರೋಧವು ಮೆಟ್ಟಿಲುಮೆಟ್ಟಿಲಾಗಿ ಏರುವುದೆಂದು 1980ರಲ್ಲಿ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಕಂಡರು. 25,812.8 ಓಮನ್ನು 1, 2, 3 ಮೊದಲಾದ ಪೂರ್ಣಾಂಕಗಳಿಂದ ಭಾಗಿಸಿದರೆ ಈ ಮೆಟ್ಟಿಲುಗಳ ಬೆಲೆ ದೊರೆಯುವುದು. ಭಾಗಿಸುವ ಅಂಕವು ಎಲೆಕ್ಟ್ರಾನುಗಳು ತುಂಬಿದ ಶಕ್ತಿಮಟ್ಟಗಳ ಎಣಿಕೆ. 1982ರಲ್ಲಿ ಟ್ಸುಯಿ, ಸ್ಟೋರ್ಮರ್, ಗೊಸಾರ್ಡ್ ಎಂಬವರಿಗೆ 1/3 ಎಂಬ ಭಿನ್ನರಾಶಿಯೂ ದೊರೆಯಿತು. ಮುಂದೆ ಕಂಡ ಭಿನ್ನರಾಶಿಗಳ ಛೇದಗಳೂ ಬೆಸಸಂಖ್ಯೆಗಳೇ ಆಗಿದ್ದುವು. ಹೀಗಿರಲು 1987ರಲ್ಲಿ 5/2 ಎಂಬ ಮೆಟ್ಟಿಲು, ಸುಮಾರು 10,325 ಓಮಿನಲ್ಲಿ, ಕಾಣಿಸಿಕೊಂಡಿತು. ಇದರ ಛೇದ ಸಮಸಂಖ್ಯೆ!

ಬೆಸ ಛೇದಗಳ ಮರ್ಮವನ್ನು 1989ರಲ್ಲಿ ಜೈನೇಂದ್ರ ಜೈನ್ ಸೊಗಸಾಗಿ ಬಿಡಿಸಿದರು. ಒಂದೇ ಸ್ಥಿತಿಯಲ್ಲಿ ಎರಡು ನಿಲ್ಲಲೊಲ್ಲದ ಕಣಗಳಿಗೆ ಫರ್ಮಿಯಾನುಗಳೆಂದು ಹೆಸರು, ಎಲೆಕ್ಟ್ರಾನು ಅವುಗಳಲ್ಲೊಂದು. ಅದು ಎರಡು ಸುಳಿಗಳನ್ನು ತನಗೆ ಕಟ್ಟಿಕೊಂಡು ಸಂಯುಕ್ತ ಫರ್ಮಿಯಾನು ಆಗುವುದು. ಮಟ್ಟವೊಂದು ಅರ್ಧ ತುಂಬಿದಾಗ ಈ ಸುಳಿಗಳು ಹೊರಗಿನ ಕ್ಷೇತ್ರವನ್ನೆಲ್ಲ ಸರಾಸರಿಯಲ್ಲಿ ಅಡಗಿಸುತ್ತವೆ. ಆಗ ಸಂಯುಕ್ತ ಕಣಗಳು ಸಾಮಾನ್ಯ ಲೋಹದಲ್ಲಿರುವಂತೆ ಅಲೆಯುವುವು; ಮೆಟ್ಟಿಲು ಮೂಡದು. 5/2 ಎಂದರೆ ಎರಡು ಮಟ್ಟಗಳು ತುಂಬಿ ಮೂರನೆಯದು ಅರ್ಧ ತುಂಬಿದ ಸ್ಥಿತಿ. ಅಲ್ಲಿ ಮೆಟ್ಟಿಲು ಬಂದುದೆಂತು?

ಸಂಯುಕ್ತ ಫರ್ಮಿಯಾನುಗಳು ಎರಡೆರಡಾಗಿ ಜೋಡಿಗೂಡುವುದರಿಂದ ಎಂಬುದು 1991ರಲ್ಲಿ ಮೂರ್ ಮತ್ತು ರೀಡ್ ಮುಂದಿಟ್ಟ ವಿಚಾರದ ತಿರುಳು. ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗುವ ಬಗೆಯೂ ಇಂತಹುದೇ. ಜೋಡಿಯನ್ನು ಒಡೆಯಲು ಶಕ್ತಿ ಬೇಕು. ಆದುದರಿಂದ ಸ್ಥಿತಿಯು ಭದ್ರವಾಗಿ ನಿಂತು ಮೆಟ್ಟಿಲಾಗುವುದು.

ಜೋಡಿಗಳನ್ನು ಕಣ್ಣಾರೆ ಕಾಣಲಾಗದು. ಪದರದ ಅಂಚಿನಲ್ಲಿ ಹರಿಯುವ ಉಷ್ಣವೇ ಸಾಕ್ಷಿ. ಉಷ್ಣವಾಹಕತೆಗೂ ಪ್ರಕೃತಿಯೇ ವಿಧಿಸಿದ ಒಂದು ಮಾನವುಂಟು. 2019ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನಿಂದ್ಯ ದಾಸ್ ಮತ್ತು ಸಂಗಡಿಗರು ಗ್ರಾಫೀನಿನ ಹಾಲ್ ಸ್ಥಿತಿಗಳಲ್ಲಿ ಈ ಮಾನವನ್ನು ಅಳೆದು ತೋರಿಸಿದರು. ಸಾಮಾನ್ಯ ಸ್ಥಿತಿಗಳಲ್ಲಿ ಅದರ ಪೂರ್ಣಾಂಕ ಮಡಿಗಳು ದೊರೆಯಬೇಕು. ಹೀಗೆ ಜೋಡಿಗೂಡಿದ ಸ್ಥಿತಿಯಲ್ಲಿ ಅರ್ಧವೊಂದು ಉಳಿಯಬೇಕು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ 5/2 ಸ್ಥಿತಿಯನ್ನು ಪರೀಕ್ಷಿಸಿದಾಗ ದೊರೆತುದು ಎರಡೂವರೆ. ಅರ್ಧವೇನೋ ಸಿಕ್ಕಿತು; ಆದರೆ ಗಣಕಯಂತ್ರದ ಲೆಕ್ಕಗಳು ಒಪ್ಪುವ ಜೋಡಿಗಳಿಗೆ ಒಂದೂವರೆ ಇಲ್ಲವೆ ಮೂರೂವರೆ ಬರಬೇಕಾಗಿತ್ತು.

ಈ ಸ್ಥಿತಿಯ ಕಣಗಳನ್ನು ಒಂದರ ಸುತ್ತ ಒಂದನ್ನು ಹೆಣೆದು, ಸುಲಭವಾಗಿ ಕೆಡದ ಕ್ವಾಂಟಂ ಗಣಕವನ್ನು ಕಟ್ಟಬಹುದೆಂಬ ಆಶೆಯುಂಟು. ಲೆಕ್ಕಕ್ಕೂ ಅಳತೆಗೂ ಇರುವ ಈ ವ್ಯಾಜ್ಯ ತೀರಿದಾಗಲೇ ಜೋಡಿಗಳ ನಿಜಸ್ವರೂಪವು ನಮಗೆ ತಿಳಿಯುವುದು.